ಮೊರದ ಬೆನ್ನಿನ ಪ್ರಾಣಿ

ಬಲಗೈಯ ಗಾಜಿನ ಬಳೆಗಳನ್ನು ತೆಗೆದಿಟ್ಟು ಹನ್ನೊಂದು ದಿನವಾಗಿತ್ತು. ಅಮ್ಮ ಇನ್ನೂ ಗಮನಿಸಿರಲಿಲ್ಲ. ಗಮನಿಸಿದರೆ ಏನು ಹೇಳುವುದು ಎಂಬುದೇ ಅಂಜಿನಮ್ಮನ ಚಿಂತೆ. ‘ಒಡೆದುಹೋದವು ಅಂದರೆ ಸುಳ್ಳು. ಸದ್ದಾಗುತ್ತದೆ ಅಂತ ತೆಗೆದೆ ಅಂದರೆ, ಯಾವ ಕೆಲಸಕ್ಕೆ ಅಡ್ಡಿಯಾಯಿತೇ ಆ ಸದ್ದು ಅಂತ ಕೇಳುತ್ತಾಳೆ’ ಎಂದು ಡೈರಿಯಲ್ಲಿ ಬರೆದುಕೊಂಡಳು. ಬರೆದ ಮೇಲೆ, ಇಪ್ಪತ್ತಮೂರು ತುಂಬಿದ, ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ಹೆಣ್ಣು ಬಳೆಗೆಲ್ಲ ಹೀಗೆ ಹೆದರುವುದೇ ಎಂದು ನಾಚಿಕೆಯಾಗಿ ಆ ಸಾಲಿನ ಮೇಲೆ ಗೀಟು ಎಳೆದಳು.

ಆ ಕೆಲಸದ ಕತೆ ಹೀಗೆ. ಅವಳಪ್ಪ ಚಿನ್ನಸ್ವಾಮಿಗೆ ಹೊಸೂರಿನ ಮೂಕಂಡಪಲ್ಲಿಯಲ್ಲಿ, ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಗೇಟಿಗೆ ಹೋಗುವ ರಸ್ತೆಯ ಮೇಲೆ, ದಿನಸಿ ಅಂಗಡಿ. ಎಂಬತ್ತಮೂರನೇ ಇಸವಿಯ ಗಣೇಶನ ಹಬ್ಬ ಕಳೆದ ಮೇಲೆ ಶುಭ್ರದಂತಿ ಹಲ್ಲುಪುಡಿಯವರು ಅಂಗಡಿಗೊಂದು ಪೋಸ್ಟರು ಕಳಿಸಿದರು. ಅಲ್ಲಿಯವರೆಗೆ ಅವರ ರಟ್ಟಿನ ಡಬ್ಬಿಯೊಳಗೆ ಪುಡಿಯ ಪೊಟ್ಟಣದ ಜೊತೆ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಹಸುವೋ ಒಂಟೆಯೋ ಬರುತ್ತಿತ್ತು. ಇನ್ನು ಮೇಲೆ ಬರುವುದು ಮನುಷ್ಯ ಹುಟ್ಟುವುದಕ್ಕೆ ಮುಂಚೆಯೇ ಅಳಿದುಹೋದ ಪ್ರಾಣಿಗಳು, ಹನ್ನೆರಡರ ಸೆಟ್ಟು, ಎಂದು ಪೋಸ್ಟರು ತಮಿಳಿನಲ್ಲಿ ಸಾರಿತು. ಹನ್ನೆರಡರ ಬಣ್ಣದ ಚಿತ್ರವೂ ಇತ್ತು.

ಮಕ್ಕಳಿಗಿಂತ ಮೀಸೆ ಹೊತ್ತವರಿಗೇ ಅದು ತಲೆಗೇರಿತು. ಮೊಪೆಡ್ ಕಾರ್ಖಾನೆಯವರು, ಲಾರಿ ಕಾರ್ಖಾನೆಯವರು ಶಿಫ್ಟು ಮುಗಿಸಿ ಸೈಕಲ್ಲನ್ನು ಅಂಗಡಿಗೆ ಒರಗಿಸಿ, “ವ್ಯಾನ್ ಬಂತಾ ಅಣ್ಣೇ?” ಎಂದು ಕೇಳುತ್ತಿದ್ದರು. ವ್ಯಾನು ಬರುತ್ತಿದ್ದುದು ಹದಿನೈದು ದಿನಕ್ಕೊಂದು ಸಲ, ತರುತ್ತಿದ್ದುದು ಒಂದೇ ಪೆಟ್ಟಿಗೆ. ಡಬ್ಬಿಯ ಬಾಯಿಗೆ ಚೀಟಿ ಅಂಟಿಸಿರುತ್ತಿದ್ದರಿಂದ ಒಳಗೇನಿದೆ ಎಂದು ಯಾರಿಗೂ ತಿಳಿಯದು. ಬೇಕಾದ್ದು ಬರಲಿ ಎಂದು ಕಣ್ಣುಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಆಟವೆಲ್ಲ ಇದ್ದದ್ದೇ ಅಲ್ಲಿ.

ಅಂಜಿನಮ್ಮನಿಗೆ ಮಾತ್ರ ತಿಳಿಯುತ್ತಿತ್ತು. ಮೊದಲ ಪೆಟ್ಟಿಗೆ ಜೋಡಿಸುವಾಗ ಒಂದು ಡಬ್ಬಿ ಕೈಜಾರಿತು. ಎತ್ತಿಕೊಂಡವಳು ತನ್ನಷ್ಟಕ್ಕೆ, “ಇದ್ರಲ್ಲಿ ಉದ್ದ ಕತ್ತಿಂದೈತೆ” ಅಂದಳು. ಅಪ್ಪ ನಕ್ಕು, ಪಂದ್ಯಕ್ಕೆಂಬಂತೆ ಬಿಚ್ಚಿ ನೋಡಿದ. ಉದ್ದ ಕತ್ತಿನದೇ. ಉದ್ದ ಕತ್ತಿನದು ಅಲ್ಲಾಡಿಸಿದರೆ ಎರಡು ಸಲ ಬಡಿಯುತ್ತದೆ, ಮೊದಲು ತಲೆ, ಆಮೇಲೆ ಬಾಲ. ಮೂರು ಕೊಂಬಿನದು ಭಾರ, ಒಂದೇ ಸಲ ಟಕ್ ಅನ್ನುತ್ತದೆ. ರೆಕ್ಕೆಯದು ಸವರಿಕೊಂಡು ಹೋಗುತ್ತದೆ. ಬೆನ್ನಿಗೆ ಹೆಂಚು ಹೊದ್ದಂತಿರುವುದು ಕೆರೆಯುತ್ತದೆ. ಇದನ್ನೆಲ್ಲ ಅವಳು ಹೇಳುತ್ತಾ ಹೋದಂತೆ ಚಿನ್ನಸ್ವಾಮಿಯ ನಗು ನಿಂತು, ಕಣ್ಣು ಕಿರಿದಾಯಿತು.

“ಓದ್ಸಿದ್ದು ದಂಡ ಆಯ್ತು ಅಂತಿದ್ದೆ ಕಣಮ್ಮ. ಇಲ್ಲ, ಉಪಯೋಗಕ್ಕೆ ಬಂತು.”

ಅಂದಿನಿಂದ ವ್ಯಾನು ಬಂದ ದಿನವೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೇಳೆ ಮೂಟೆಗಳ ನಡುವೆ ಕೂತು, ಬಳೆಯಿಲ್ಲದ ಬಲಗೈಯಲ್ಲಿ ಒಂದೊಂದೇ ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವುದು ಅವಳ ಉದ್ಯೋಗವಾಯಿತು. ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ ಎರಡು ವರ್ಷವಾದರೂ ಬರದಿದ್ದ ಉದ್ಯೋಗ! ಅಪರೂಪದವು ಗಲ್ಲಾದ ಕೆಳಗೆ ಹೋಗುತ್ತಿದ್ದವು. ಎಲ್ಲರ ಮನೆಯಲ್ಲೂ ಎರಡೆರಡು ಬಿದ್ದಿರುವಂಥವು ಮುಂದಿನ ಹಲಗೆಗೆ.

ಗಲ್ಲಾದ ಕೆಳಗಿನವು ವೆಂಕಟರಾಮಪ್ಪನಿಗೆ. ಅವನು ಮೋಟಾರು ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಫೋರ್ಮನ್. ಮನೆಯ ಹಜಾರದಲ್ಲಿ ಗಾಜಿನ ಬೀರು ಮಾಡಿಸಿ, ಒಳಗೆ ಬಲ್ಬು ಹಾಕಿಸಿ, ಪ್ರಾಣಿಗಳನ್ನು ನಿಲ್ಲಿಸಿದ್ದನಂತೆ. ಕಾರ್ಖಾನೆಯ ಕ್ಯಾಂಟೀನಿಗೆ ಅಕ್ಕಿಬೇಳೆಯೆಲ್ಲ ಚಿನ್ನಸ್ವಾಮಿಯ ಅಂಗಡಿಯಿಂದಲೇ ತರಿಸುವ ಹಾಗೆ ಮಾಡುತ್ತೇನೆ ಎಂದು ಆಸೆ ಹುಟ್ಟಿಸಿದ್ದ. ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು, ಅಪ್ಪ ಕೊಟ್ಟ ಡಬ್ಬಿಯನ್ನು ಎಲ್ಲರ ಎದುರೇ ಒಡೆದು, ತನಗೇ ಆಶ್ಚರ್ಯವಾದವನಂತೆ ಹುಬ್ಬೇರಿಸಿ, “ನೋಡ್ರಪ್ಪಾ, ಕೈಗುಣ!” ಅನ್ನುತ್ತಿದ್ದ. ಸುತ್ತ ನಿಂತವರು ಆ ಕೈಯನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು. ಒಳಗೆ ಮೂಟೆಗಳ ಮಧ್ಯೆ ಅಂಜಿನಮ್ಮನ ಮೈ ಉರಿಯುತ್ತಿತ್ತು.

ಮುಂದಿನ ಹಲಗೆಯವು ಬಚ್ಚಪ್ಪನಂಥವರಿಗೆ. ಬಚ್ಚಪ್ಪ ಅಂಚೆಟ್ಟಿಯಿಂದಲೂ ಆಚೆ, ಬಸ್ಸಿಳಿದು ಎರಡು ಗುಡ್ಡ ದಾಟಿ ನಡೆಯಬೇಕಾದ ಊರಿನವನು. ಬಾವಿ ತೋಡುವುದರಲ್ಲಿ ಹೆಸರಾದವನು. ಈಗ ಸಿಪ್ಕಾಟಿನಲ್ಲಿ ಏಳುತ್ತಿದ್ದ ಹೊಸ ಕಾರ್ಖಾನೆಗಳಿಗೆ ಪಾಯ ತೋಡುತ್ತಿದ್ದ. ವಾರಕ್ಕೊಂದು ದಿನ ಊರಿಗೆ ಹೋಗುವಾಗ ಅರ್ಧ ಕಿಲೋ ಬೆಲ್ಲ, ಒಂದು ಶುಭ್ರದಂತಿ ಡಬ್ಬಿ ಒಯ್ಯುತ್ತಿದ್ದ.

“ಮಕ್ಳಿಗಾ ಬಚ್ಚಪ್ಪ?” ಎಂದು ಯಾರೋ ಒಮ್ಮೆ ಕೇಳಿದ್ದರು.

“ಮಕ್ಳಿಗ್ಯಾಕಣ್ಣ? ನಂಗೇಯಾ. ಮಕ್ಳು ಕಚ್ಚಿ ಹಾಳ್ಮಾಡ್ತಾವೆ.”

ಅಂಗಡಿ ನಕ್ಕಿತ್ತು. ಬಚ್ಚಪ್ಪನೂ ಜೊತೆಗೆ ನಕ್ಕಿದ್ದ. ಆಮೇಲೆ, ಕೌಂಟರಿನಲ್ಲಿ ಬೆಲ್ಲ ಕಟ್ಟುತ್ತಿದ್ದ ಅಂಜಿನಮ್ಮನಿಗೆ ಮಾತ್ರ ಕೇಳುವಂತೆ ಹೇಳಿದ್ದ: “ನಲವತ್ತು ಬಾವಿ ತೋಡಿವ್ನಿ ತಾಯಿ. ಅಷ್ಟು ಆಳಕ್ಕೆ ಇಳ್ದೋನು, ಒಂದು ಮೂಳೆ ಕಂಡಿಲ್ಲ. ಇವು ನಮ್ ನೆಲದಾಗೆ ಇದ್ವೋ ಇಲ್ವೋ, ನೀವು ಓದ್ದೋರು, ನಿಮಗೆ ಗೊತ್ತಿರ್ಬೇಕು.”

ಅವಳಿಗೆ ಗೊತ್ತಿತ್ತು. ಹೊಸೂರಿನ ಬಂಡೆ ಈ ಎಲ್ಲ ಪ್ರಾಣಿಗಳಿಗಿಂತ ಹಳೆಯದು, ಅವು ಹುಟ್ಟುವುದಕ್ಕೆ ಎಷ್ಟೋ ಕಾಲ ಮುಂಚೆಯೇ ಗಟ್ಟಿಯಾಗಿ ಕೂತದ್ದು, ಅದಕ್ಕೇ ಅದರೊಳಗೆ ಮೂಳೆ ಸಿಕ್ಕುವುದಿಲ್ಲ. ಇಷ್ಟನ್ನೂ ಬಾಯಿಯ ತನಕ ತಂದುಕೊಂಡು, “ಗೊತ್ತಿಲ್ಲ” ಅಂದುಬಿಟ್ಟಿದ್ದಳು. ಉತ್ತರ ಡೈರಿಯಲ್ಲಿ ಒಂದೂವರೆ ಪುಟವಾಗಿತ್ತು.

ಪೋಸ್ಟರಿನ ಹನ್ನೆರಡರಲ್ಲಿ ಹನ್ನೊಂದು ಬಂದಿದ್ದವು. ಬಚ್ಚಪ್ಪ ಕೊಂಡೂ, ಕೆಲಸದವರ ಜೊತೆ ಅದಲುಬದಲು ಮಾಡಿಯೂ ಹನ್ನೊಂದನ್ನೂ ಕೂಡಿಸಿ ಮನೆಯ ಗೋಡೆಯ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದ. ಹನ್ನೆರಡನೆಯದು ಮಾತ್ರ ಯಾರಿಗೂ ಬಂದಿರಲಿಲ್ಲ. ಹಲ್ಲಿಯಂಥ ಮೈ, ಬೆನ್ನುದ್ದಕ್ಕೂ ಎದ್ದು ನಿಂತ ಹಾಯಿ. ಬಚ್ಚಪ್ಪ ಅದಕ್ಕೆ ಮೊರದ ಬೆನ್ನಿಂದು ಎಂದು ಹೆಸರಿಟ್ಟಿದ್ದ. ಆ ಹೆಸರೇ ಅಂಗಡಿಯಲ್ಲೆಲ್ಲ ನಿಂತಿತು. ಅದಕ್ಕಾಗಿ ಡಬ್ಬಿ ಒಡೆದಾಗಲೆಲ್ಲ ಅವನಿಗೆ ಸಿಕ್ಕುತ್ತಿದ್ದುದು ಮೂರು ಕೊಂಬಿನದು. ಆಗಲೇ ಐದಾಗಿದ್ದವು.

“ಅದೃಷ್ಟ ಕಣ್ಲಾ ಬಚ್ಚಪ್ಪ, ನಾವೇನ್ ಮಾಡಾಕಾಯ್ತದೆ?” ಎಂದು ಚಿನ್ನಸ್ವಾಮಿ ಲೊಚಗುಟ್ಟುತ್ತಿದ್ದ.

“ಊಂ ಅಣ್ಣ. ನನ್ ಹಣೇಲಿ ಬಿರ್ಮ ಕೊಂಬನ್ನೇ ಬರ್ದವ್ನೆ.”

ಅದೃಷ್ಟ! ಈ ಪದ ಕೇಳಿದರೆ ಅಂಜಿನಮ್ಮನಿಗೆ ಹಲ್ಲು ಕಚ್ಚುವಂತಾಗುತ್ತಿತ್ತು. ‘ಅವನ ಅದೃಷ್ಟವನ್ನು ಬರೆಯುತ್ತಿರುವುದು ಬ್ರಹ್ಮನಲ್ಲ, ನನ್ನ ಕಿವಿ. ಅಪ್ಪ ತೂಕದಲ್ಲಿ ಮೋಸ ಮಾಡಿದವನಲ್ಲ, ಬೆಲ್ಲಕ್ಕೆ ಮಣ್ಣು ಬೆರೆಸಿದವನಲ್ಲ. ಇದು ಮೋಸವೆಂದು ಅವನಿಗೆ ತೋರುವುದೇ ಇಲ್ಲ. ಆಟದ ಸಾಮಾನಲ್ಲವೇ ಅನ್ನುತ್ತಾನೆ. ಆಟದಲ್ಲೂ ಬಡವನು ಗೆಲ್ಲಬಾರದೆ?’ ಎಂದು ಬರೆದಳು. ಪೆನ್ನಿನ ಮೊನೆ ಕಾಗದವನ್ನು ಹರಿಯಿತು.

ಸಂಕ್ರಾಂತಿ ಕಳೆದ ಶನಿವಾರ ವ್ಯಾನಿನವನು ಪೆಟ್ಟಿಗೆ ಇಳಿಸುತ್ತಾ, “ಇದೇ ಕಡೇದು ಅಣ್ಣೇ. ಮುಂದಿನ ತಿಂಗಳಿಂದ ಪಕ್ಷಿ ಸೆಟ್ಟು” ಅಂದ. ಸುದ್ದಿ ಗೇಟಿನ ತನಕ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಆ ಮಧ್ಯಾಹ್ನ ಅಂಜಿನಮ್ಮ ನಲವತ್ತೆಂಟು ಡಬ್ಬಿಗಳನ್ನು ಅಲ್ಲಾಡಿಸಿದಳು. ನಲವತ್ತೇಳು ಹಳೆಯ ಸದ್ದುಗಳು. ಒಂದು ಮಾತ್ರ ಅವಳು ಯಾವತ್ತೂ ಕೇಳಿರದ ಸದ್ದು: ಅದು ಬಡಿಯಲಿಲ್ಲ, ಸವರಲಿಲ್ಲ, ಒಂದು ಪಕ್ಕಕ್ಕೆ ಒರಗಿಕೊಂಡು ಅಲ್ಲೇ ಸಿಕ್ಕಿಕೊಂಡಿತು. ಹಾಯಿ ಡಬ್ಬಿಯ ಮೂಲೆಗೆ ತಾಗಿದೆ! ಅಪ್ಪ ಬರುವಷ್ಟರಲ್ಲಿ ಆ ಡಬ್ಬಿಯನ್ನು ಸಾಧಾರಣದವುಗಳ ನಡುವೆ, ಮುಂದಿನ ಹಲಗೆಗೆ ಹೋಗುವ ಸಾಲಿನಲ್ಲಿ ಸೇರಿಸಿಬಿಟ್ಟಳು. ಯಾರ ಕೈಗೆ ಸಿಕ್ಕುವುದೋ ಸಿಕ್ಕಲಿ. ಅದಾದರೂ ನಿಜವಾದ ಅದೃಷ್ಟವಾಗಲಿ.

ಚಿನ್ನಸ್ವಾಮಿ ಒಳಗೆ ಬಂದು ಗಲ್ಲಾದ ಕೆಳಗೆ ಹೋಗಬೇಕಾದ ಸಾಲನ್ನು ನೋಡಿದ. ಮಗಳ ಮುಖ ನೋಡಿದ. ಯಾರಿಗೂ ಸುಳ್ಳು ಹೇಳಬಲ್ಲ ಮುಖವಲ್ಲ ಅದು.

“ಮೊರದ ಬೆನ್ನಿಂದು ಬಂದೈತೆ, ಅಲ್ವಾ?”

ಅವಳು ಇನ್ನೊಂದು ಡಬ್ಬಿ ಎತ್ತಿ ಸಾಲಿಗೆ ಸೇರಿಸಿದಳು.

“ಅಂಜಿನೀ, ಫೋರ್ಮನ್ನು ಕ್ಯಾಂಟೀನ್ ಕಾಗ್ದ ನಾಳೆ ತತ್ತೀನಿ ಅಂದವ್ನೆ. ಇದೊಂದು ಅವ್ರ ಕೈಗೆ ಬೀಳ್ಲಿ. ಎಲ್ಲೈತೆ?”

“ಅಪ್ಪಾ, ಬಚ್ಚಪ್ಪಣ್ಣ...” ಎಂದು ಶುರು ಮಾಡಿದಳು.

“ಬಚ್ಚಪ್ಪಂಗೆ ಇನ್ನೊಂದು ವಾರ ಹಲ್ಲುಜ್ಜಾಕೆ ಪುಡಿ ಐತೆ, ಬುಡು” ಅಂದ ಚಿನ್ನಸ್ವಾಮಿ, ತನ್ನ ಮಾತಿಗೆ ತಾನೇ ನಕ್ಕು. ಅವಳ ಕಣ್ಣು ತಡೆಯಲಾರದೆ ಯಾವ ಡಬ್ಬಿಯ ಕಡೆ ಹೊರಳಿತೋ ಆ ಡಬ್ಬಿಯನ್ನೇ ಎತ್ತಿಕೊಂಡು ಹೋದ.

ಮಾತು ಬರದಿದ್ದರೇನು, ಬರವಣಿಗೆ ಇದೆಯಲ್ಲ ಎಂದುಕೊಂಡಳು ಅಂಜಿನಮ್ಮ. ಭಾನುವಾರ ಬೆಳಿಗ್ಗೆ ಡೈರಿಯಿಂದ ಅರ್ಧ ಹಾಳೆ ಹರಿದು, ದುಂಡಗಿನ ಕನ್ನಡದಲ್ಲಿ ಬರೆದಳು: ‘ಮುಂದಿನ ಹಲಗೆಯಿಂದ ತೆಗೆದುಕೊಳ್ಳಬೇಡಿ. ನಿಮಗೆ ಬೇಕಾದದ್ದು ಗಲ್ಲಾದ ಕೆಳಗಿದೆ, ಕೇಳಿ ಪಡೆಯಿರಿ. ಇಂತಿ, ನಿಮ್ಮ ಹಿತೈಷಿ.’ ಹೆಸರು ಹಾಕಲಿಲ್ಲ. ಕೇಳುವ ಧೈರ್ಯವನ್ನು ಅವನೇ ಮಾಡಲಿ, ತಾನು ಒಳಗೆ ಹೋಗಿ ಕೂತುಬಿಟ್ಟರಾಯಿತು ಎಂಬ ಲೆಕ್ಕಾಚಾರ ಅವಳದು.

ಅಂಗಡಿಯ ಮುಂದೆ ಹದಿನೈದು ಇಪ್ಪತ್ತು ಜನ ಆಗಲೇ ಸೇರಿದ್ದರು. ಬಚ್ಚಪ್ಪ ಬೆಳಗಿನ ಅಂಚೆಟ್ಟಿ ಬಸ್ಸನ್ನು ಬೇಕೆಂದೇ ಬಿಟ್ಟಿದ್ದ. ಒಗೆದ ಪಂಚೆ, ಹೆಗಲಲ್ಲಿ ಚೀಲ. ವೆಂಕಟರಾಮಪ್ಪನ ಸ್ಕೂಟರೂ ಬಂದು ನಿಂತಿತು.

“ಏನ್ ಬಚ್ಚಪ್ಪ, ಬಸ್ಸು ಬುಟ್ಬುಟ್ಟು ನಿಂತಿದ್ದೀಯಾ?” ಅಂದ ಅವನು. “ನಿಮ್ಮೂರಾಗೆ ಬೇವಿನಕಡ್ಡಿ ಇಲ್ವಾ? ಪುಡಿ ಯಾಕೆ ನಿಂಗೆ?”

“ಕಡ್ಡಿ ಐತೆ ಸಾರ್, ಕಡ್ಡಿಯಾಗೆ ಪ್ರಾಣಿ ಬರಾಕಿಲ್ಲ.”

ಜನ ಹೋ ಎಂದಿತು. ಫೋರ್ಮನ್ನಿಗೆ ಅದು ಹಿಡಿಸಲಿಲ್ಲ. “ಹನ್ನೊಂದೈತಂತೆ ನಿನ್ತಾವ. ಎಲ್ಲಾ ನನಗೆ ಕೊಟ್ಬುಡು, ಬೀರುನಾಗೆ ಇಡ್ತೀನಿ, ನಾಕ್ ಜನ ನೋಡ್ತಾರೆ. ಆ ಹಟ್ಟಿ ಗೂಡ್ನಾಗೆ ಹೊಗೆ ಕುಡ್ಕೊಂಡು ಕೂತ್ರೆ ಯಾರಿಗ್ ಬಂತು?”

“ನಾನ್ ನೋಡ್ತೀನಲ್ಲ ಸಾರ್, ನಾನೊಬ್ಬ ಸಾಲ್ದಾ?”

ಅಂಜಿನಮ್ಮ ಬೆಲ್ಲದ ಪೊಟ್ಟಣದ ದಾರದೊಳಗೆ ಚೀಟಿ ಸಿಕ್ಕಿಸಿ ಬಚ್ಚಪ್ಪನ ಕೈಗಿಟ್ಟಳು. ಒಳಕೋಣೆಗೆ ಎರಡು ಹೆಜ್ಜೆ ಹಾಕಿದ್ದಳಷ್ಟೆ.

“ಇದೇನ್ ತಾಯಿ, ಚೀಟಿ?” ಬಚ್ಚಪ್ಪ ಅದನ್ನು ಬಿಡಿಸಿ, ಹಿಂದೆಮುಂದೆ ತಿರುಗಿಸಿ, ಮತ್ತೆ ಅವಳ ಕಡೆಗೇ ಚಾಚಿದ. “ನಂಗೆ ಕನ್ನಡಾನೂ ಬರಾಕಿಲ್ಲ, ತಮಿಳೂ ಬರಾಕಿಲ್ಲ. ನೀವೇ ವಸಿ ಓದ್ಬುಡಿ.”

ಅವಳಿಗೆ ಮುಖವೆಲ್ಲ ಬಿಸಿಯಾಯಿತು. ನಾಲ್ಕು ತಿಂಗಳಿಂದ ಪೋಸ್ಟರಿನ ಮುಂದೆ ನಿಂತು ಅವನು ನೋಡುತ್ತಿದ್ದುದು ಚಿತ್ರಗಳನ್ನು ಮಾತ್ರ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಲೋಕವೆಲ್ಲ ತನ್ನಂತೆ ಓದಿಕೊಂಡು ಸುಮ್ಮನಿರುತ್ತದೆ ಎಂದುಕೊಂಡಿದ್ದಳು.

“ಏನಮ್ಮ ಅದು?” ಎಂದು ಅಪ್ಪ ಗಲ್ಲಾದಿಂದ ಕತ್ತು ಚಾಚಿದ.

“ಲವ್ ಲೆಟರೇನೋ ಬಚ್ಚಪ್ಪ!” ಎಂದ ವೆಂಕಟರಾಮಪ್ಪ. ಕೆಲವರು ನಕ್ಕರು.

ಬಚ್ಚಪ್ಪ ನಗಲಿಲ್ಲ. “ಓದಿರೋ ಹೆಣ್ಮಗ, ಏನ್ ಸಾರ್ ಹಂಗಂತೀರಾ” ಎಂದು ಚೀಟಿಯನ್ನು ಮಡಿಸಿ ಅವಳ ಮುಂದೆ ಕೌಂಟರಿನ ಮೇಲಿಟ್ಟ. ಅವಳನ್ನು ಅಲ್ಲಿಂದ ಪಾರುಮಾಡಲೆಂದೇ ಮಾತು ಬದಲಿಸಿ, “ಬುಡಿ ಅಣ್ಣ, ನಂದೊಂದು ಡಬ್ಬಿ ಎತ್ಕತೀನಿ. ಕಡೇದು. ಬಂದ್ರೆ ಬಂತು, ಇಲ್ದಿದ್ರೆ ಹನ್ನೊಂದೇ ಸಾಕು” ಎಂದು ಕಣ್ಣು ಮುಚ್ಚಿ, ಏನನ್ನೋ ಗೊಣಗಿಕೊಂಡು, ಹಲಗೆಯ ಕಡೆ ಕೈ ನೀಡಿದ. ಪಾಯದ ಮಣ್ಣು ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

“ಎತ್ಕೊ, ಎತ್ಕೊ. ಅದೃಷ್ಟ ಇದ್ರೆ ಎಲ್ಲಿಗ್ ಹೋಯ್ತದೆ?” ಅಂದ ಚಿನ್ನಸ್ವಾಮಿ. ಅನ್ನುತ್ತಲೇ ಇನ್ನೊಂದು ಕೈಯಿಂದ ಗಲ್ಲಾದ ಕೆಳಗೆ ತಡಕುತ್ತಿದ್ದ.

ಆ ತಡಕುವ ಕೈಯನ್ನೂ, ಈ ಮುಚ್ಚಿದ ಕಣ್ಣನ್ನೂ ಅಂಜಿನಮ್ಮ ಒಟ್ಟಿಗೆ ನೋಡಿದಳು.

“ಬಚ್ಚಪ್ಪಣ್ಣ, ಎತ್ಕೋಬೇಡಿ!”

ಅವಳ ದನಿ ಅಷ್ಟು ದೊಡ್ಡದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ. ಬಚ್ಚಪ್ಪ ಕಣ್ಣು ತೆರೆದ. ಅಪ್ಪನ ಕೈ ಗಲ್ಲಾದ ಕೆಳಗೇ ನಿಂತಿತು.

“ಆ ಹಲಗೆ ಮೇಲೆ ಮೊರದ ಬೆನ್ನಿಂದು ಇಲ್ಲ. ಒಂದೇ ಬಂದಿರೋದು, ಅದು ನಮ್ಮಪ್ಪನ ಕೈಯಾಗೈತೆ. ಎಲ್ಲಾ ಡಬ್ಬೀನೂ ಅಲ್ಲಾಡ್ಸಿ, ಕೇಳಿ, ಒಳ್ಳೇವು ತೆಗ್ದು ಫೋರ್ಮನ್ ಸಾರ್‌ಗೆ ಇಟ್ಟಿದ್ದು, ನಿಮಗೆ ಐದು ಸಲಾನೂ ಮೂರು ಕೊಂಬಿಂದೇ ಬರೋ ಹಂಗೆ ಮಾಡಿದ್ದು, ನಾನು.”