ಎರಡು ಪುಟ್ಟ ಅಂಗಿಗಳು

“ಅಲುಗಾಡಬೇಡ,” ಎಂದಳು ತಾಯಿ. ಕತ್ತರಿಯ ತುದಿ ಒಳಗೆ ಹೋಗದೆ, ಬ್ಲೇಡಿನ ಮೂಲೆಯಿಂದ ಮಗಳ ತೋಳಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು.

ರಾತ್ರಿಯೆಲ್ಲ ಅಪ್ಪನ ಪಕ್ಕ ಕೂತಿದ್ದ ಮಗಳು ಬೆಳಗಿನ ಜಾವ ಮೇಜಿನ ಮೇಲೆ ತಲೆಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದ್ದಳು. ಎಚ್ಚರವಾದಾಗ ಅವಳ ಅಂಗಿಯ ತೋಳು ಹೆಣಕ್ಕೆ ಹೊದಿಸಿದ್ದ ಬಿಳಿ ಬಟ್ಟೆಗೆ ಸೇರಿಹೋಗಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ನೇರ ಹೊಲಿಗೆ. ಮಣಿಕಟ್ಟಿನ ಹತ್ತಿರ ದಾರ ಚರ್ಮವನ್ನೂ ಹಿಡಿದುಕೊಂಡಿತ್ತು.

“ಅವರನ್ನ ಈ ಮೇಜಿನ ಮೇಲೆ ಮಲಗಿಸಬಾರದಿತ್ತು,” ಎಂದಳು ತಾಯಿ.

ಮನೆಯಲ್ಲಿ ಆಳುದ್ದ ಇದ್ದದ್ದು ದರ್ಜಿಯಾಗಿದ್ದ ಅಪ್ಪನ ಕಟಿಂಗ್ ಟೇಬಲ್ ಒಂದೇ. ರಾತ್ರಿ ಅದರ ಮೇಲೆ ಏನಿದ್ದರೂ ಬೆಳಗಾಗುವಷ್ಟರಲ್ಲಿ ಹೊಲಿದಿರುತ್ತದೆ ಎಂಬುದು ಅಳುವಿನ ನಡುವೆ ಇಬ್ಬರಿಗೂ ಮರೆತುಹೋಗಿತ್ತು.

“ಅಪ್ಪನ ಬಾಯಿ ನೋಡಮ್ಮ.”

ತಾಯಿ ಬಗ್ಗಿ ನೋಡಿದಳು. ತುಟಿಗಳು ಅಂಚಿಗೆ ಅಂಚು ಕೂಡಿದ್ದವು. ದಾರ ಕಾಣುತ್ತಿರಲಿಲ್ಲ, ಬೆರಳಿಟ್ಟರೆ ತಿಳಿಯುತ್ತಿತ್ತು. ಬಿಚ್ಚಲು ಹೊತ್ತಿರಲಿಲ್ಲ. ಹೊರಗೆ ಆಗಲೇ ಜನರ ಮಾತು ಕೇಳುತ್ತಿತ್ತು.

ಮೊದಲು ಬಂದವನು ಪಕ್ಕದ ಅಂಗಡಿಯ ಕ್ಷೌರಿಕ. “ಎಂಥ ಸಮಾಧಾನದ ಮುಖ ಅಕ್ಕಾ! ಹಲ್ಲುನೋವು ಬಂದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದ ಮನುಷ್ಯ, ತುಟಿ ಪಿಟಕ್ಕೆನ್ನದೆ ಹೊರಟುಬಿಟ್ಟ ನೋಡಿ.”

“ನಮ್ಮಣ್ಣನ ಕೈ ಅಂದ್ರೆ ಕೈ,” ಎಂದು ದರ್ಜಿಯ ತಂಗಿ ಮೂಗು ಸೀಟಿದಳು. “ಹೊಲಿಗೆ ಎಲ್ಲಿದೆ ಅಂತ ದೀಪ ಹಿಡಿದು ಹುಡುಕಬೇಕಿತ್ತು.”

ಗೋಡೆಗೊರಗಿ ನಿಂತಿದ್ದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಈ ಹೊತ್ತಲ್ಲಿ ಕೇಳಬಾರದು… ನನ್ನ ಕೋಟು ಶುಕ್ರವಾರಕ್ಕೆ ಅಂದಿದ್ರು.”

“ಅವರನ್ನೇ ಕೇಳಿ ಮೇಷ್ಟ್ರೇ, ಇನ್ನೂ ಇಲ್ಲೇ ಇದಾರಲ್ಲ!” ಎಂದ ಕ್ಷೌರಿಕ.

“ಕೊಡ್ತೀನಿ ಸಾರ್,” ಎಂದಳು ಮಗಳು. “ಶುಕ್ರವಾರ ಬನ್ನಿ.”

ತಾಯಿ ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

*

ಆ ಮಗಳು ಹೊಟ್ಟೆಯಲ್ಲಿದ್ದ ವರ್ಷವೇ ದರ್ಜಿಯ ಬಲಗೈಗೆ ನಡುಕ ಬಂದದ್ದು. ಕತ್ತರಿಸಿದ ಅಂಗಿಯೊಂದನ್ನು ಹೊಲಿಯಲಾಗದೆ ಮೇಜಿನ ಮೇಲೆ ಬಿಟ್ಟು ಮಲಗಿದ. ಬೆಳಗ್ಗೆ ಅದು ಮುಗಿದಿತ್ತು, ಕಾಜಾ ಸಮೇತ. ಮರುದಿನ ಎರಡು. ಆಮೇಲೆ ಇಟ್ಟಷ್ಟೂ.

ಒಂದು ರಾತ್ರಿ ಗಂಡ ಹೆಂಡತಿ ಬಾಗಿಲ ಸಂದಿಯಿಂದ ನೋಡಿದರು. ಮೊಣಕಾಲೆತ್ತರದ ಇಬ್ಬರು. ಮೈಮೇಲೆ ನೂಲೆಳೆಯಿಲ್ಲ. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು, ಬೆರಳು ಮಾತ್ರ ನಡುಗುತ್ತಿರಲಿಲ್ಲ.

“ಪಾಪ, ತಲಾ ಒಂದು ಅಂಗಿ ಹೊಲಿದಿಡ್ತೀನಿ,” ಎಂದಳು ಆಕೆ.

ದರ್ಜಿ ಅವಳ ಬಾಯಿಗೆ ಕೈ ಅಡ್ಡ ಹಿಡಿದ. “ಇಂಥವರ ಕತೆ ನಮ್ಮಜ್ಜಿ ಹೇಳ್ತಿದ್ಲು. ಮೈ ಮುಚ್ಚಿದ್ರೆ ಹೋಗ್ಬಿಡ್ತಾರೆ ಕಣೇ. ಹುಟ್ಟೋ ಮಗೂಗೆ ಏನು ತಿನ್ನಿಸ್ತೀಯಾ?”

ಕೆಟ್ಟ ಮನುಷ್ಯನಲ್ಲ. ಮಗಳ ಜಡೆ ತಾನೇ ಹೆಣೆಯುತ್ತಿದ್ದ. ಶಾಲೆಯ ಮಕ್ಕಳ ಹರಿದ ಚೀಲಗಳನ್ನು ಸುಮ್ಮನೆ ಹೊಲಿಸಿಕೊಡುತ್ತಿದ್ದ. ಆದರೆ ಮೂವತ್ತು ವರ್ಷ, ಪ್ರತಿ ಸಂಜೆ, ನೆಲಕ್ಕೆ ಬಿದ್ದ ತುಂಡುಬಟ್ಟೆಗಳನ್ನೆಲ್ಲ ಆರಿಸಿ ಬೀರುವಿಗೆ ಬೀಗ ಹಾಕುತ್ತಿದ್ದ. ಒಂದು ಚೂರೂ ಅವರಿಗೆ ದಕ್ಕಬಾರದು.

*

“ಇವತ್ತು ತೋಳು ಹಿಡಿದಿದ್ದಾರೆ. ನಾಳೆ ನಿನ್ನ ಬಾಯಿ,” ಎಂದಳು ತಾಯಿ. “ಕತ್ತಲಾಗೋದ್ರೊಳಗೆ ಅವರನ್ನ ಕಳಿಸಿಬಿಡ್ಬೇಕು.”

“ಕಳಿಸಿ? ನಂಗೆ ನೆಟ್ಟಗೆ ಒಂದು ಕಾಜಾ ಹಾಕೋಕೂ ಬರಲ್ಲಮ್ಮ. ಅಪ್ಪ ಕಲಿಸಲೇ ಇಲ್ಲ. ಅಂಗಡಿ ಹೇಗೆ ನಡೆಸಲಿ?” ಮಗಳ ದನಿ ಇಳಿಯಿತು. “ಬೇಕಾದ್ರೆ ನಾವೇ ಮನೆ ಬಿಟ್ಟು ಹೋಗೋಣ.”

“ಎಲ್ಲಿಗೇ? ನಿನ್ನ ಮೈಮೇಲಿರೋದನ್ನ ಹೊಲಿದೋರು ಯಾರು? ಹೊರಗೆ ಕೂತಿರೋ ಅಷ್ಟೂ ಜನರದ್ದು?”

ಮಗಳು ಅಂಗಿಯ ಕೊರಳಪಟ್ಟಿಯನ್ನು ಬೆರಳಿನಿಂದ ಸಡಿಲಿಸಿಕೊಂಡಳು.

ತಾಯಿ ಹೆಣದ ಕಾಲ್ದೆಸೆಯಲ್ಲಿ ಕೂತು ಕೈಹೊಲಿಗೆ ಶುರುಮಾಡಿದಳು. ಅಂದು ಒಂದೇ ಸಲ ಬಾಗಿಲ ಸಂದಿಯಿಂದ ಕಂಡ ಪುಟ್ಟ ಹೆಗಲುಗಳು ಅವಳಿಗೆ ಚೆನ್ನಾಗಿ ನೆನಪಿದ್ದವು.

“ಗಂಡ ಇನ್ನೂ ಮಣ್ಣಾಗಿಲ್ಲ, ಗೊಂಬೆ ಅಂಗಿ ಹೊಲೀತಿದ್ದಾಳೆ,” ಎಂದಳು ನಾದಿನಿ, ಎಲ್ಲರಿಗೂ ಕೇಳುವಂತೆ. “ಯಾವ ಮಗೂಗೆ ಅತ್ತಿಗೆ ಇದು?”

“ಬಹಳ ದಿನ ಕಾದ ಮಕ್ಕಳಿಗೆ.”

“ದುಃಖಕ್ಕೆ ತಲೆ ಕೆಟ್ಟಿದೆ, ಬಿಡಿ,” ಎಂದು ಕ್ಷೌರಿಕ ನಾದಿನಿಗೆ ಸಮಾಧಾನ ಹೇಳಿದ.

ಹೆಣ ಎತ್ತಿದ ಮೇಲೆ ಆಕೆ ಅಂಗಿಗಳೆರಡನ್ನೂ ಖಾಲಿ ಮೇಜಿನ ಮೇಲೆ ಹಾಸಿಟ್ಟಳು. ಕಿಟಕಿಗಳನ್ನೆಲ್ಲ ಮುಚ್ಚಿ, ಒಳಗೆ ರಾತ್ರಿಯಷ್ಟೇ ಕತ್ತಲು ಮಾಡಿ, ಬಾಗಿಲೆಳೆದುಕೊಂಡು ಬಂದಳು. ಹೂಳುವ ಹೊತ್ತಿನಲ್ಲಿ ಮಗಳು ಅತ್ತಳು, ನಾದಿನಿ ಅತ್ತಳು. ಆಕೆ ಮಾತ್ರ ಸೂರ್ಯ ಎಷ್ಟು ಇಳಿದಿದ್ದಾನೆಂದು ನೋಡುತ್ತಿದ್ದಳು.

ಮನೆಗೆ ಮರಳಿದ್ದು ತಾಯಿ ಮಗಳು ಇಬ್ಬರೇ. ಬಾಗಿಲು ತೆರೆದಾಗ ಹೊರಗಿನ ಬೆಳಕು ಮೇಜಿನವರೆಗೆ ಹೋಯಿತು.

ಅಂಗಿಗಳು ಅಲ್ಲೇ ಇದ್ದವು. ಎರಡರ ಹೆಗಲೂ ಸೀಳಿಹೋಗಿತ್ತು. ತೋಳುಗಳು ಬುಡದಿಂದ ಕಿತ್ತುಬಂದಿದ್ದವು. ಕೊರಳಿನ ಸುತ್ತ ಒಂದಿಷ್ಟು ರಕ್ತ, ಬಲವಂತವಾಗಿ ತಲೆ ತೂರಿಸಲು ಹೋದಂತೆ.

“ನಾನು ಹುಟ್ಟೋಕೆ ಮುಂಚೆ ಬಂದೋರಲ್ವೇನಮ್ಮ ಅವರು?” ಎಂದಳು ಮಗಳು ಮೆಲ್ಲಗೆ. “ನಾನು ಬೆಳೆದಿಲ್ವಾ?”

ತಾಯಿ ಸೀಳಿದ ಅಂಗಿಗಳನ್ನು ಎತ್ತಿದಳು. ಮೂವತ್ತು ವರ್ಷ ದರ್ಜಿಯ ಮನೆಯಲ್ಲಿ ಬಾಳಿ, ಅಳತೆ ತೆಗೆಯದೆ ಹೊಲಿದಿದ್ದಳು.

ಅಂಗಿಗಳ ಕೆಳಗೆ ಸೀಮೆಸುಣ್ಣದ ಗೆರೆಗಳಿದ್ದವು. ಯಾರೋ ಮಲಗಿ ಸುತ್ತ ಬರೆಸಿಕೊಂಡಂತೆ ಒಂದು ತಲೆ, ಅದರ ಪಕ್ಕ ಇನ್ನೊಂದು. ಮೇಜಿನಗಲ ತುಂಬಿದ ಹೆಗಲುಗಳು. ಸೊಂಟದ ಹತ್ತಿರ ಮೇಜು ಮುಗಿದಿತ್ತು. ಗೆರೆಗಳು ಅಂಚು ಇಳಿದು, ಕಾಲಿನ ಆಕಾರ ಹಿಡಿದು, ನೆಲದುದ್ದಕ್ಕೂ ಒಳಕೋಣೆಯ ಕತ್ತಲಿನತ್ತ ಸಾಗಿದ್ದವು.

ಹೊರಗೆ ಬೆಳಕು ಬಾಡುತ್ತಿತ್ತು. ಮಗಳು ಬೀರು ತೆರೆದಳು. ಮೇಷ್ಟ್ರ ಕೋಟಿನ ಬಟ್ಟೆ, ಇನ್ನೂ ಯಾರ್ಯಾರದೋ ಥಾನುಗಳನ್ನು ರಾಶಿ ಎಳೆದು ಹಾಕಿದಳು. ತಾಯಿ ಟೇಪಿನ ಒಂದು ತುದಿಯನ್ನು ಸೀಮೆಸುಣ್ಣದ ನೆತ್ತಿಯ ಮೇಲೆ ಒತ್ತಿ ಹಿಡಿದಳು. ಇನ್ನೊಂದು ತುದಿ ಹಿಡಿದು ಮಗಳು ಗೆರೆಯ ಪಕ್ಕದಲ್ಲೇ ಮಂಡಿಯೂರಿ ಹಿಂದಕ್ಕೆ ಸರಿಯುತ್ತ ಹೋದಳು. ಒಳಕೋಣೆಯ ಹೊಸ್ತಿಲಲ್ಲಿ ಟೇಪು ಮುಗಿಯಿತು. ಗೆರೆ ಇನ್ನೂ ಒಳಗೆ ಹೋಗುತ್ತಲೇ ಇತ್ತು.