ನಂಬರ್ ಮಾಮನ ಮೇಜು

ಮೆಟ್ಟಿಲ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತು. ಮುಂದಿದ್ದವರು ಇಳಿಸಿ ಎಂದರೆ ಹಿಂದಿದ್ದವರು ಎತ್ತಿ ಎನ್ನುತ್ತಿದ್ದರು. ಹೊತ್ತವರು ಬೀದಿಯ ಫುಟ್‌ಬಾಲ್ ತಂಡದವರು. ಅವರ ಆಟದ ಅಂಗಿಗಳ ಬೆನ್ನಿಗೆ ನಂಬರುಗಳನ್ನೆಲ್ಲ ಅಚ್ಚೊತ್ತಿದವನು ಪೆಟ್ಟಿಗೆಯೊಳಗಿದ್ದ. ಇಡೀ ಬೀದಿಗೆ ಅವನು ನಂಬರ್ ಮಾಮ. ಗೋಡೆಗೆ ಒರಗಿ ನಿಂತಿದ್ದ ಅವನ ಹೆಂಡತಿಗೆ ಅಳುವಷ್ಟು ತ್ರಾಣವೂ ಉಳಿದಿರಲಿಲ್ಲ. ಆಸ್ಪತ್ರೆಗೂ ಮನೆಗೂ ಅಲೆದು ಕಾಲು ಸೋತಿದ್ದವು. ಅಷ್ಟು ದಪ್ಪ ಆಳು, ಈಗ ಭಾರವೇ ಇಲ್ಲ ನೋಡಿ ಎಂದು ಯಾರೋ ಅಂದದ್ದು ಕಿವಿಗೆ ಬಿದ್ದು ಅವಳಿಗೆ ಸಿಟ್ಟು ಬಂತು.

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಚಹಾ ಹಿಡಿದು ಕೂತರು. ಅವಳ ತಮ್ಮ ಹಳೇ ಕತೆ ತೆಗೆದ. ಭಾವ ಒಮ್ಮೆ ಒಂದೇ ತಂಡದ ಇಬ್ಬರಿಗೆ ಒಂಬತ್ತನೇ ನಂಬರ್ ಒತ್ತಿಬಿಟ್ಟಿದ್ದ. ಕಾಲು ಕೊಟ್ಟು ಕೆಡವಿದವನು ಹಾಯಾಗಿ ಆಡಿಕೊಂಡಿದ್ದ, ಏನೂ ಮಾಡದವನು ರೆಡ್ ಕಾರ್ಡ್ ತಿಂದು ಹೊರಗೆ ಹೋದ. ಜನ ನಕ್ಕರು. ಅವಳಿಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು. ಮಗಳು ಬಂದು ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಬಸುರಿ; ಹೊಟ್ಟೆ ಆಗಲೇ ಕಾಣುತ್ತಿತ್ತು. ಅವಳೂ ಅಪ್ಪ ಕೆಲಸ ಮಾಡುತ್ತಿದ್ದ ಪ್ರಿಂಟಿಂಗ್ ಕೋಣೆಯವಳು, ಅಪ್ಪನ ಮೇಜಿನ ಆಚೆ ಬದಿಗೆ ನಿಲ್ಲುವವಳು. ಆ ಕೋಣೆಗೆ ಅವಳು ಇನ್ನು ಕಾಲಿಡಬಾರದು ಎಂಬುದೊಂದೇ ಬೆಳಗಿನಿಂದ ತಾಯಿಯ ತಲೆ ಕೊರೆಯುತ್ತಿತ್ತು.

*

ಆಸ್ಪತ್ರೆಯಲ್ಲಿ ಡಾಕ್ಟರು ನಂಬರ್ ಮಾಮನನ್ನು ಏನು ಕೆಲಸ ಎಂದು ಕೇಳಿದ್ದರು. ಆಟದ ಅಂಗಿಗೆ ನಂಬರ್ ಒತ್ತುವುದು ಎಂದಿದ್ದ. ಬಣ್ಣಕ್ಕೆ ಏನು ಬೆರೆಸುತ್ತೀರಿ? ಥಿನ್ನರ್. ಕೈ ತೊಳೆಯುವುದು? ಅದೂ ಥಿನ್ನರಿನಲ್ಲೇ. ವಾಸನೆ ಹೊರಗೆಳೆಯುವ ಫ್ಯಾನ್ ಇದೆಯೇ?

"ಇದೆ ಸಾರ್, ದೊಡ್ಡದೇ ಇದೆ" ಎಂದಿದ್ದ ಹೆಮ್ಮೆಯಿಂದ.

ಫ್ಯಾನ್ ಇದ್ದದ್ದು ನಿಜ. ಅದು ತಿರುಗುತ್ತಿರಲಿಲ್ಲ, ಅಷ್ಟೆ. ಗಾಳಿಯಾಡಿದರೆ ಬಣ್ಣ ಅಂಗಿಯ ಮೇಲಿಟ್ಟು ಒತ್ತುವ ಜಾಲರಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ, ಅಂಚು ಹರಿದ ನಂಬರ್ ಬೀಳುತ್ತದೆ. ಯಾರೂ ಹೇಳಿರಲಿಲ್ಲ, ಕೆಲಸ ನೀಟಾಗಿ ಬರಲಿ ಎಂದು ಬೆಳಿಗ್ಗೆ ಹೋದೊಡನೆ ಅವನೇ ಆರಿಸುತ್ತಿದ್ದ. ಮನೆಗೆ ಬಂದರೆ ತಲೆಸಿಡಿತ. ಹೆಂಡತಿ ಬೈದರೆ, ನಾನು ಒತ್ತಿದ ಎಂಟು ನೋಡು, ಎರಡು ಸೊನ್ನೆಯೂ ಎಷ್ಟು ದುಂಡಗಿದೆ ಎಂದು ತಮಾಷೆ ಮಾಡುತ್ತಿದ್ದ. ಮೂಳೆಯೊಳಗೆ ರಕ್ತ ಹುಟ್ಟುವ ಜಾಗವೇ ಕೆಟ್ಟುಹೋಗಿದೆ ಎಂದು ಡಾಕ್ಟರು ಅವಳನ್ನು ಹೊರಗೆ ಕರೆದು ಹೇಳಿದರು. ಇಷ್ಟು ವರ್ಷ ಉಸಿರಾಡಿದ್ದು ಆ ಥಿನ್ನರನ್ನೇ ಅಲ್ಲವೇ ಎಂದರು.

*

ಸಂಜೆ ಪ್ರಿಂಟಿಂಗ್ ಕೋಣೆಯ ಮೇಸ್ತ್ರಿ ಬಂದ. ಕೆಟ್ಟವನಲ್ಲ, ಅವನ ಕಣ್ಣೂ ಕೆಂಪಗಿದ್ದವು. ಪಂದ್ಯ ಹತ್ತಿರ ಬಂತು, ಅಂಗಿ ರಾಶಿ ಬಿದ್ದಿದೆ, ಮಗಳು ನಾಳೆ ಬಂದರೆ ಉಪಕಾರ. ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದ.

"ಬರ್ತೀನಿ" ಎಂದಳು ಮಗಳು.

"ಫ್ಯಾನ್ ಹಾಕ್ಕೊಂಡು ಮಾಡೋಕಾಗಲ್ವಾ?" ತಾಯಿ ಕೇಳಿದಳು.

"ಹಾಕಿದ್ರೆ ಕೆಲಸ ಕೆಡುತ್ತಮ್ಮ. ನಿಂಗದೆಲ್ಲ ಗೊತ್ತಾಗಲ್ಲ."

ಥೇಟ್ ಅಪ್ಪನ ಮಾತು, ಅಪ್ಪನದೇ ದನಿ. ಅಳಿಯನ ಸಂಬಳ ಮನೆ ಬಾಡಿಗೆಗೇ ಸರಿಹೋಗುತ್ತಿತ್ತು. ಕೆಲಸ ಬಿಡು ಎಂದು ಬಾಯಲ್ಲಿ ಹೇಳುವುದು ಸುಲಭ, ಹೊಟ್ಟೆಗೇನು ಮಾಡುವುದು?

"ಇವಳು ಬರಲ್ಲ" ಎಂದಳು ತಾಯಿ. "ನಾನು ಬರ್ತೀನಿ."

ಮೇಸ್ತ್ರಿ ಅವಳ ಮುಖ ನೋಡಿದ. "ಈ ವಯಸ್ಸಲ್ಲಿ ನಿಮಗ್ಯಾಕಕ್ಕ ಅದೆಲ್ಲ?"

"ಈ ವಯಸ್ಸಲ್ಲೇ ಸರಿ. ನಂಗಿನ್ನೇನು ಹೆರೋದಿದ್ಯಾ?"

ಅವನು ಎದ್ದ. ಚಪ್ಪಲಿ ಮೆಟ್ಟುವಾಗ, ಉಗುರು ಪೂರ್ತಿ ತೆಗೆದು ಬನ್ನಿ, ಇಲ್ಲದಿದ್ದರೆ ಜಾಲರಿ ಹರಿಯುತ್ತದೆ ಎಂದು ಮೆಲ್ಲಗೆ ಹೇಳಿ ಹೋದ.

ಮಗಳು ಅಮ್ಮನ ಮೇಲೆ ರೇಗಿದಳು, ಗೋಗರೆದಳು, ಕೊನೆಗೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ತಾಯಿ ಹೊಸ್ತಿಲ ಬಳಿ ಬೆಳಕಿಗೆ ಕೂತು ಎಡಗೈಯ ಉಗುರು ಮುಗಿಸಿದಳು. ಬಲಗೈಯ ಸರದಿ ಬಂದಾಗ ಹಿಡಿತ ಸಿಗದೆ ನೇಲ್ ಕಟರ್ ಜಾರಿ ಜಾರಿ ಬಿತ್ತು. ಬಾಗಿಲು ತೆರೆದ ಸದ್ದಾಯಿತು. ಮಗಳು ನೆಲಕ್ಕೆ ಕೈಯೂರಿ, ಹೊಟ್ಟೆ ಸಂಭಾಳಿಸಿಕೊಂಡು ಎದುರಿಗೆ ಕೂತಳು. ಅಮ್ಮನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಉಗುರನ್ನು ಚರ್ಮದವರೆಗೂ ಕತ್ತರಿಸತೊಡಗಿದಳು.