ಶಿಲ್ಪ ಮೇಡಂ ಅವರ ಪಾಯಿಂಟ್ ಟೂಟೂ

ಗಿರಿಜಾಂಬಿಕಾ ಕೋವಿ ರಿಪೇರಿ ಕಲಿತದ್ದು ತಂದೆ ಪರಮಶಿವಯ್ಯನವರಿಂದ. ಅವರ ಕಣ್ಣು ಮಂಜಾಗುತ್ತ ಬಂದ ಆರು ವರ್ಷ, ಅವರು ಬೆರಳಿನಿಂದ ತಡವಿ ದೋಷ ಹೇಳುವುದು, ಇವಳು ಅರ ಹಿಡಿದು ಸರಿ ಮಾಡುವುದು ನಡೆದಿತ್ತು. ಅವರು ತೀರಿಕೊಂಡ ಮೇಲೆ ಅಂಗಡಿಯ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಒಂದೂವರೆ ವರ್ಷ ತುಮಕೂರಿಗೆ ಓಡಾಡಿದಳು. ತಿಪಟೂರಿನ ಆ ಚಿಕ್ಕ ಅಂಗಡಿಗೆ ಬರುತ್ತಿದ್ದವೆಲ್ಲ ತೆಂಗಿನ ತೋಟದವರ ಕೋವಿಗಳು. ಕೋತಿಗಳನ್ನು ಓಡಿಸಲು ಅವು ಸದ್ದು ಮಾಡಿದರೆ ಸಾಕಿತ್ತು. ಗುಂಡು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುತ್ತಿರಲಿಲ್ಲ.

ಹಾಗಾಗಿ ತುರುವೇಕೆರೆಯ ಹೈಸ್ಕೂಲೊಂದರಲ್ಲಿ ಆಟ ಕಲಿಸುವ ಶಿಲ್ಪ ಒಂದು ಶನಿವಾರ ಮಧ್ಯಾಹ್ನ ಉದ್ದನೆಯ ಚೀಲ ಹೊತ್ತು ಬಂದಾಗ ಗಿರಿಜಾಂಬಿಕಾಗೆ ಸ್ವಲ್ಪ ಅಳುಕೇ ಆಯಿತು. ಚೀಲದೊಳಗೆ ಗುರಿ ಸ್ಪರ್ಧೆಗೆ ಬಳಸುವ ಪಾಯಿಂಟ್ ಟೂಟೂ ರೈಫಲ್ ಇತ್ತು. ಆ ಜಾತಿಯಲ್ಲಿ ಸಿಗುವ ಅತಿ ಅಗ್ಗದ್ದು.

"ಹತ್ತು ಹೊಡೆದ್ರೆ ಎರಡು ಸಿಡಿಯೋದೇ ಇಲ್ಲ ಕಣ್ರೀ," ಎಂದಳು ಶಿಲ್ಪ. "ಸಿಡಿದವೂ ಒಂದು ಕಡೆ ಬೀಳಲ್ಲ, ಅಂಗೈ ಅಗಲ ಚೆದುರಿಕೊಳ್ತವೆ. ರೈಫಲ್ ಕ್ಲಬ್ಬಿನ ಸಾರ್ ಇದನ್ನ ಮಾರಿಬಿಡಿ ಅಂತಾರೆ. ಜಿಲ್ಲಾ ಶೂಟಿಂಗ್ ತಂಡದ ಆಯ್ಕೆಗೆ ಇನ್ನು ಇಪ್ಪತ್ತಾರೇ ದಿನ. ಬೇರೆ ತಗೊಳ್ಳೋಕೆ ನನ್ನ ಕೈಲಾಗಲ್ಲ."

"ನಾನು ಇಂಥದ್ದನ್ನ ಇಲ್ಲೀಗಂಟ ಬಿಚ್ಚಿಲ್ಲ ಮೇಡಂ," ಎಂದಳು ಗಿರಿಜಾಂಬಿಕಾ. "ಮುಚ್ಚಿಡಾಕೆ ಹೋಗಲ್ಲ, ಮೊದಲೇ ಹೇಳ್ತೀನಿ."

ಶಿಲ್ಪ ಒಂದು ಗಳಿಗೆ ಅವಳ ಮುಖ ನೋಡಿದಳು. "ಆಗಲ್ಲ ಅಂತ ನೀವು ಹೇಳಲಿಲ್ಲವಲ್ಲ, ಅಷ್ಟು ಸಾಕು," ಎಂದು ರೈಫಲಿನ ಲೈಸೆನ್ಸ್ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

ಸಿಡಿಯದ ಕಾಡತೂಸುಗಳನ್ನು ಶಿಲ್ಪ ಕ್ಲಬ್ಬಿನಲ್ಲಿ ಕೊಟ್ಟು ಬಂದಿದ್ದಳು, ಆದರೆ ಫೋನಿನಲ್ಲಿ ಅವುಗಳ ಫೋಟೋ ಇತ್ತು. ಗಿರಿಜಾಂಬಿಕಾ ಅದನ್ನು ದೊಡ್ಡದು ಮಾಡಿ ನೋಡಿದಳು. ಪಾಯಿಂಟ್ ಟೂಟೂ ಕಾಡತೂಸಿನ ಮದ್ದು ಹೊತ್ತಿಕೊಳ್ಳುವುದು ತಳದ ಅಂಚಿನಲ್ಲಿ. ರೈಫಲಿನೊಳಗಿನ ಪಿನ್ನು ಆ ಅಂಚಿಗೆ ಗಟ್ಟಿಯಾಗಿ ಹೊಡೆಯಬೇಕು. ಇಲ್ಲಿ ಗುರುತು ಉಗುರು ತಾಗಿದಷ್ಟೇ ಇತ್ತು. ಕಾಡತೂಸನ್ನು ಒಳಕ್ಕೆ ತಳ್ಳುವ ಬೋಲ್ಟು ಬಿಚ್ಚಿದಾಗ ಅದರೊಳಗೆ ಕಾರ್ಖಾನೆಯಲ್ಲಿ ಬಳಿದ ಗ್ರೀಸು ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿ ಕೂತಿತ್ತು. ಪಿನ್ನು ಅದರೊಳಗೆ ತೆವಳಿಕೊಂಡು ಮುಂದೆ ಹೋಗಬೇಕಿತ್ತು. ಅವಳು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದಳು. ಸೋತುಹೋಗಿದ್ದ ಸ್ಪ್ರಿಂಗಿನ ಬದಲು ಹೊಸದನ್ನು ತರಿಸಿ ಹಾಕಿದಳು. ಕಾಡತೂಸು ಕೂರುವ ಗೂಡಿನ ಬಾಯಲ್ಲಿ ಕೂದಲಿನಷ್ಟು ಉಬ್ಬಿದ್ದ ಲೋಹದ ಮುಳ್ಳನ್ನು ನುಣುಪು ಕಲ್ಲಿನಿಂದ ತೆಗೆದಳು. ಕೊನೆಗೆ ನಳಿಗೆಯನ್ನು ಅದರ ಕೆಳಗಿನ ಮರಕ್ಕೆ ಹಿಡಿದಿದ್ದ ಎರಡು ಸ್ಕ್ರೂ ಸಡಿಲವಿದ್ದದ್ದು ಕಂಡು, ಗುಂಡು ಚೆದುರಲು ಇದೇ ಕಾರಣ ಎಂದುಕೊಂಡು ಬಲವಾಗಿ ಬಿಗಿದಳು.

ರೈಫಲ್ ಕೊಂಡೊಯ್ದ ಶಿಲ್ಪ ಕ್ಲಬ್ಬಿನಲ್ಲಿ ಹೊಡೆದು ನೋಡಿ ಮುಂದಿನ ಭಾನುವಾರ ಸಂಜೆ ಫೋನ್ ಮಾಡಿದಳು. "ಅಕ್ಕ, ಒಂದೂ ಸಿಡಿಯದೆ ಉಳಿಯಲಿಲ್ಲ. ಆದರೆ…"

"ಆದ್ರೆ ಏನು, ಹೇಳಿ."

"ಗುರಿ ಮೊದಲಿಗಿಂತ ಕೆಟ್ಟಿದೆ."

ಗಿರಿಜಾಂಬಿಕಾ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ತಾಯಿ ಸಿದ್ದಕ್ಕ ಕೇಳಿದರೆ ಹಸಿವಿಲ್ಲ ಎಂದಳು. ಸದ್ದು ಮಾಡುವ ಕೋವಿಗಳೇ ತನಗೆ ತಕ್ಕವು, ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿ ಒಬ್ಬಳ ವರ್ಷವನ್ನೇ ಹಾಳು ಮಾಡಿದೆ ಎಂಬ ಕೊರಗು ಅವಳನ್ನು ಬಿಡಲಿಲ್ಲ. ಬೆಳಿಗ್ಗೆ ಎದ್ದಾಗ ಮಾತ್ರ ಒಂದು ವಿಷಯ ಹೊಳೆಯಿತು. ಈ ರೈಫಲನ್ನು ಅವಳು ಮೇಜಿನ ಮೇಲೆ ನೋಡಿದ್ದಳೇ ಹೊರತು ಹೊಡೆಯುವಾಗ ನೋಡಿಯೇ ಇರಲಿಲ್ಲ.

ರೈಫಲ್ ಕ್ಲಬ್ಬು ಇದ್ದದ್ದು ತುರುವೇಕೆರೆ ರಸ್ತೆಯ ಹಳೆಯ ಕಲ್ಲುಗಣಿಯೊಂದರಲ್ಲಿ. ಫೋನಿನಲ್ಲಿ ಮಾತಾಡಿಕೊಂಡಂತೆ ಗುರುವಾರ ಗಿರಿಜಾಂಬಿಕಾ ಬಸ್ಸಿಳಿದು ನಡೆದು ಬಂದಾಗ ಶಿಲ್ಪ ಆಗಲೇ ಸ್ಕೂಟರಿನಲ್ಲಿ ಬಂದಿದ್ದಳು. ಕ್ಲಬ್ಬು ನೋಡಿಕೊಳ್ಳುತ್ತಿದ್ದ ನಿವೃತ್ತ ಹವಾಲ್ದಾರ್ ಶಿವರಾಜು ಇಬ್ಬರನ್ನೂ ನೋಡಿ ತಲೆ ಅಲ್ಲಾಡಿಸಿದರು.

"ಯಾಕಮ್ಮ ಸುಮ್ಕೆ ಇದರ ಮೇಲೆ ಟೈಮ್ ಹಾಳು ಮಾಡ್ಕತೀರಾ? ಮುಂದಿನ ವರ್ಷ ಒಳ್ಳೇದು ತಗೊಂಡು ಬರ್ಲಿ ಬುಡಿ."

"ಗುರಿ ಕೆಡಿಸಿದ್ದು ನಾನು ಸಾರ್," ಎಂದಳು ಗಿರಿಜಾಂಬಿಕಾ. "ಹೆಂಗೆ ಕೆಡ್ತು ಅಂತ ಗೊತ್ತಾಗೋವರೆಗೂ ನನಗೆ ಸಮಾಧಾನ ಇಲ್ಲ."

ಶಿವರಾಜು ದುರ್ಬೀನು ತಂದುಕೊಟ್ಟರು.

ಶಿಲ್ಪ ಚಾಪೆಯ ಮೇಲೆ ಬೋರಲು ಮಲಗಿ ಹೊಡೆದಳು. ಗಿರಿಜಾಂಬಿಕಾ ಪಕ್ಕದಲ್ಲಿ ಕೂತು ಐವತ್ತು ಮೀಟರ್ ಆಚೆಯ ಕಾಗದವನ್ನು ನೋಡುತ್ತಿದ್ದಳು. ಮೊದಲ ಮೂರು ಗುಂಡು ಒಂದಕ್ಕೊಂದು ಅಂಟಿದಂತೆ ಬಿದ್ದವು. ಆಮೇಲೆ ಒಂದೊಂದಾಗಿ ಬಲಕ್ಕೆ ಸರಿಯತೊಡಗಿದವು. ಶಿಲ್ಪ ಎಡಗೈಯನ್ನು ಕೊಂಚ ಮುಂದಿಟ್ಟುಕೊಂಡಾಗ ಗುಂಡು ಒಮ್ಮೆಗೇ ಮೇಲಕ್ಕೆ ಹಾರಿತು.

"ತಡಿಯಮ್ಮ, ಹೊಡೀಬೇಡ," ಎಂದಳು ಗಿರಿಜಾಂಬಿಕಾ. ಮೇಡಂ ಅನ್ನುವುದು ಅವಳಿಗೆ ಮರೆತೇ ಹೋಗಿತ್ತು.

ರೈಫಲ್ ಖಾಲಿ ಮಾಡಿಸಿ ಮಡಿಲಲ್ಲಿ ಇಟ್ಟುಕೊಂಡಳು. ಪರ್ಸಿನಲ್ಲಿದ್ದ ಬಸ್ಸಿನ ಟಿಕೆಟ್ ತೆಗೆದು, ನಳಿಗೆಗೂ ಅದರ ಕೆಳಗಿನ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆಯುತ್ತ ಹೋದಳು. ನಾಲ್ಕು ಬೆರಳು ದೂರ ಹೋಗಿ ಟಿಕೆಟ್ ಸಿಕ್ಕಿಕೊಂಡಿತು. ಮರ ಸರಿಯಾಗಿ ಒಣಗಿಸದೆ ಮಾಡಿದ್ದು. ಮಳೆಗಾಲದ ತೇವ ಕುಡಿದು ಉಬ್ಬಿ ಎಡಗಡೆಯಿಂದ ನಳಿಗೆಯನ್ನು ಒತ್ತುತ್ತಿತ್ತು. ನಳಿಗೆ ಕಾದಷ್ಟೂ, ಕೈ ಭಾರ ಬಿದ್ದಷ್ಟೂ ಆ ಒತ್ತಡ ಬದಲಾಗುತ್ತಿತ್ತು. ಸ್ಕ್ರೂ ಬಿಗಿದು ಅದನ್ನು ಹೆಚ್ಚು ಮಾಡಿದ್ದು ತಾನೇ.

"ನೋಡು ಇಲ್ಲಿ," ಎಂದು ಶಿಲ್ಪಾಳ ಬೆರಳನ್ನು ಹಿಡಿದು ಆ ಜಾಗಕ್ಕೆ ಮುಟ್ಟಿಸಿದಳು. "ನಿನ್ನ ಕೈ ತಪ್ಪಲ್ಲ ಕಣೇ ಇದು. ನೀನು ಚೆನ್ನಾಗೇ ಹೊಡೀತಿದ್ದೀಯ."

ಒಂದು ವರ್ಷದಿಂದ ಶಿಲ್ಪ ತನ್ನ ಉಸಿರನ್ನು, ಬೆರಳನ್ನು, ಕಣ್ಣನ್ನು ಬೈದುಕೊಂಡಿದ್ದಳು. ಮುಖ ಆ ಕಡೆ ತಿರುಗಿಸಿ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು.

ಗಿರಿಜಾಂಬಿಕಾ ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಕೋಲಿಗೆ ಉಪ್ಪುಕಾಗದ ಸುತ್ತಿ, ನಳಿಗೆ ಕೂರುವ ಮರದ ಕಾಲುವೆಯನ್ನು ಉಜ್ಜಿದಳು. ಐದಾರು ಸಲ ಎಳೆಯುವುದು, ನಳಿಗೆ ಕೂರಿಸಿ ನೋಡುವುದು, ಮತ್ತೆ ಎಳೆಯುವುದು. ಎರಡು ಪದರ ಕಾಗದ ಆಚೆಯಿಂದ ಈಚೆಗೆ ಎಲ್ಲೂ ತಡೆಯದೆ ಬಂದ ಮೇಲೆ, ಇನ್ನು ನೀರು ಕುಡಿಯದಿರಲೆಂದು ಮರಕ್ಕೆ ಮೂರು ಸಲ ಅಗಸೆ ಎಣ್ಣೆ ಹಚ್ಚಿದಳು. ಎರಡು ಸ್ಕ್ರೂಗಳನ್ನೂ ಒಂದೇ ಹದಕ್ಕೆ ಬಿಗಿದು ಅವು ನಿಂತ ಜಾಗಕ್ಕೆ ಬಿಳಿ ಬಣ್ಣದ ಚುಕ್ಕೆ ಇಟ್ಟಳು.

ಮತ್ತೆ ಗಣಿಗೆ ಹೋದಾಗ ಶಿವರಾಜು ಮೂರು ಬಗೆಯ ಕಾಡತೂಸು ತಂದು ಚಾಪೆಯ ಪಕ್ಕದಲ್ಲಿಟ್ಟರು. "ಒಂದೊಂದು ರೈಫಲ್ಲಿಗೆ ಒಂದೊಂದು ಹಿಡಿಸ್ತದೆ. ಮೂರೂ ಹೊಡೆದು ನೋಡಮ್ಮ," ಎಂದರು. ಎರಡನೆಯದು ಹಿಡಿಸಿತು. ಹತ್ತು ಗುಂಡೂ ಸೇರಿ ಮಾಡಿದ ತೂತನ್ನು ಹತ್ತು ರೂಪಾಯಿ ನಾಣ್ಯವೊಂದು ಮುಚ್ಚುತ್ತಿತ್ತು. ಶಿವರಾಜು ಆ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ, ಮಡಚಿ, ತಮ್ಮ ಜೇಬಿಗೆ ಹಾಕಿಕೊಂಡರು.

ಆಯ್ಕೆಯ ದಿನ ಅದೇ ಗಣಿಯಲ್ಲಿ ಅರವತ್ತು ಗುಂಡು ಹೊಡೆಯಬೇಕಿತ್ತು. ಗಿರಿಜಾಂಬಿಕಾ ಹಿಂದಿನ ಬೆಂಚಿನ ಮೇಲೆ ಕೂತು ಗುರಿಯ ಕಡೆ ನೋಡಲೇ ಇಲ್ಲ. ಶಿಲ್ಪಾಳ ಬಲಗೈಯನ್ನೇ ನೋಡುತ್ತಿದ್ದಳು. ಬೋಲ್ಟು ಹಿಂದಕ್ಕೆ ಬಂದು ಮುಂದಕ್ಕೆ ಹೋಗುತ್ತಿತ್ತು. ಎಲ್ಲೂ ಕಚ್ಚಲಿಲ್ಲ, ಒಂದೂ ಸಿಡಿಯದೆ ಉಳಿಯಲಿಲ್ಲ. ನಲವತ್ತರ ಹೊತ್ತಿಗೆ ಗಾಳಿ ಎದ್ದು ಶಿಲ್ಪ ಎರಡು ಕೆಟ್ಟ ಗುಂಡು ಹೊಡೆದಳು. ನಿಂತಳು, ನೀರು ಕುಡಿದಳು, ಗಾಳಿ ತಗ್ಗುವವರೆಗೆ ಕಾದಳು. ಕೊನೆಯ ಹತ್ತು ಗುಂಡಿಗೆ ನೂರಕ್ಕೆ ತೊಂಬತ್ತೇಳು ಬಂತು.

ಆರು ಜನರ ತಂಡಕ್ಕೆ ಅವಳು ಆರನೆಯವಳಾಗಿ ಸೇರಿದಳು. ಹೆಸರು ಕೂಗಿದಾಗ ಗಿರಿಜಾಂಬಿಕಾಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, "ಅಕ್ಕ, ಮೈಸೂರಿನ ಪಂದ್ಯಕ್ಕೆ ನೀವೂ ಬರಬೇಕು," ಎಂದಳು.

"ಬತ್ತೀನಿ. ಅಂಗಡಿಗೆ ಎರಡು ದಿನ ಬೀಗ ಹಾಕಿದ್ರೆ ಏನೂ ಆಗಲ್ಲ."

ಜನ ಚದುರುವಾಗ ಶಿವರಾಜು ಬಂದು ಬೆಂಚಿನ ತುದಿಯಲ್ಲಿ ಕೂತರು.

"ನಾನು ಅವತ್ತು ಅಂದ ಮಾತು ತಪ್ಪು ಕಣಮ್ಮ," ಎಂದರು. "ನಮ್ಮ ಮೆಂಬರುಗಳಲ್ಲಿ ಇಂಥ ಅಗ್ಗದ ರೈಫಲ್ ಇರೋರು ಇನ್ನೂ ಏಳೆಂಟು ಜನ ಅವ್ರೆ. ಎಲ್ಲಾರ್ಗೂ ಮಾರ್ಕೊಳ್ಳಿ ಅಂತಾನೇ ಹೇಳಿದ್ದೆ. ತಿಂಗಳಿಗೊಂದು ಭಾನುವಾರ ಬಂದು ನೋಡಾಕೆ ಆಯ್ತದಾ?"

ಗಿರಿಜಾಂಬಿಕಾ ಸುತ್ತ ಕಣ್ಣಾಡಿಸಿದಳು. ಗಣಿಯ ಪಕ್ಕದಲ್ಲಿ ತಗಡಿನ ಶೆಡ್ಡೊಂದಿತ್ತು. ಅದರ ಕಿಟಕಿ ಪೂರ್ವಕ್ಕಿತ್ತು.

"ಆ ಕಿಟಕಿ ಹತ್ರ ಒಂದು ಗಟ್ಟಿ ಮೇಜು ಹಾಕಿಸಿ ಸಾರ್," ಎಂದಳು. "ಬೆಳಿಗ್ಗೆ ಏಳಕ್ಕೇ ಬತ್ತೀನಿ. ಮೊದಲು ಹೊಡೆಯೋದನ್ನ ನೋಡ್ತೀನಿ. ಆಮೇಲೆ ಬಿಚ್ಚೋದು."